ಗೇಟಿನ ಪಕ್ಕದ ಕುರ್ಚಿ

ಊರಲ್ಲಿ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು ಬಾಟ್ಲಿ ಅಕ್ಕ ಎಂದೇ. ಕುಡುಕಿ ಎಂದುಕೊಂಡೀರಿ ಮತ್ತೆ! ಮಾಲಿನ್ಯ ತಡೆಯುವ ಸರ್ಕಾರಿ ಮಂಡಳಿಯಲ್ಲಿ ಅವಳ ಕೆಲಸವೇ ಬಾಟ್ಲಿ ತುಂಬುವುದು. ಕಾರ್ಖಾನೆಗಳು ಕೊಳವೆಯಿಂದ ಹೊರಗೆ ಬಿಡುವ ನೀರನ್ನು ಹಿಡಿದು, ಮುಚ್ಚಳಕ್ಕೆ ಅರಗಿನ ಮುದ್ರೆ ಒತ್ತಿ, ಐಸ್ ಪೆಟ್ಟಿಗೆಯಲ್ಲಿಟ್ಟು ಪ್ರಯೋಗಾಲಯಕ್ಕೆ ಮುಟ್ಟಿಸಬೇಕು. ದೇಶದ ದೊಡ್ಡವರೆಲ್ಲ ಕೂತು ಕಾನೂನು ಮಾಡಿದರು, ಕಾನೂನಿಗೊಂದು ಮಂಡಳಿ, ಮಂಡಳಿಗೊಬ್ಬ ಅಧ್ಯಕ್ಷ, ಅವನ ಕೆಳಗೆ ಎಂಜಿನಿಯರು, ವಕೀಲರು. ಅಷ್ಟೂ ಜನರ ಕೆಲಸ ಕಡೆಗೆ ಬಂದು ನಿಲ್ಲುತ್ತಿದ್ದದ್ದು ಚರಂಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತ ಈ ಹೆಂಗಸಿನ ಕೈಯಲ್ಲಿ.

ಕೆಲಸದಲ್ಲಿ ಕಟ್ಟುನಿಟ್ಟು. ಹಿಡಿಯುವ ನೀರಿನಲ್ಲೇ ಬಾಟ್ಲಿಯನ್ನು ಮೊದಲು ಗಲಬರಿಸಿ ಚೆಲ್ಲಿ, ಆಮೇಲೆ ತುಂಬುವಳು. ಕಾರ್ಖಾನೆಯವರು ಕೊಟ್ಟದ್ದನ್ನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಬಣ್ಣದ ಕಾರ್ಖಾನೆಯ ಮ್ಯಾನೇಜರ್ ಒಮ್ಮೆ ಹಲ್ಲು ಕಿರಿಯುತ್ತಾ ಬಟ್ಟೆಯ ಕಟ್ಟು ಚಾಚಿದ್ದಕ್ಕೆ, "ನಿಮ್ಮ ಹೆಂಡ್ತಿಗೇ ಕೊಡಿ ಸಾರ್. ಬಣ್ಣ ಬಿಡುತ್ತೋ ಇಲ್ವೋ, ಒಗೆದು ಅವ್ರೇ ಹೇಳ್ತಾರೆ" ಅಂದಿದ್ದಳು. ಅವನ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಆದರೆ ಅದೇ ಕಾರ್ಖಾನೆಯ ಗೇಟಿನಲ್ಲಿ ಒಂದು ಲೋಟ ಟೀ ಮಾತ್ರ ಕುಡಿಯುತ್ತಿದ್ದಳು. ಯಾಕೆಂದರೆ ಗೇಟಿನ ಕಾವಲುಗಾರ ಅವಳ ತಮ್ಮ. ಟೀ ಅವನ ಮನೆಯದು, ಅವನ ಹೆಂಡತಿ ಫ್ಲಾಸ್ಕಿನಲ್ಲಿ ತುಂಬಿ ಕಳಿಸಿದ್ದು. ಅಪ್ಪ ಅಮ್ಮ ಬೇಗ ಹೋದ ಮನೆಯಲ್ಲಿ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು ಅವಳೇ. ಮದುವೆಯ ಮಾತು ಬಂದಾಗಲೆಲ್ಲ "ಇವನೊಬ್ಬ ನೆಲೆಗೆ ನಿಲ್ಲಲಿ" ಅನ್ನುತ್ತಾ ತನ್ನ ವಯಸ್ಸು ದಾಟಿಸಿಬಿಟ್ಟಳು. ತಮ್ಮ ಕೊಟ್ಟ ಟೀ ಲಂಚವಾಗುತ್ತದೆಯೇ? ನೀವೇ ಹೇಳಿ.

ಕಾನೂನಿನ ಕ್ರಮ ಹೀಗೆ: ಮೊದಲು ನೋಟಿಸ್ ಕೊಡಬೇಕು, ಕಾರ್ಖಾನೆಯ ಜವಾಬ್ದಾರರ ಎದುರಿಗೇ ನೀರು ಹಿಡಿಯಬೇಕು, ಎರಡು ಪಾಲು ಮಾಡಿ ಇಬ್ಬರೂ ಸಹಿ ಹಾಕಬೇಕು. ಒಂದು ತಪ್ಪಿದರೂ ಕೋರ್ಟಿನಲ್ಲಿ ಕೇಸು ಬಿದ್ದುಹೋಗುತ್ತದೆ. ಹಾಗಾಗಿ ಒಳಗಿನಿಂದ ಮ್ಯಾನೇಜರ್ ಬರುವ ತನಕ ಗೇಟಿನಲ್ಲಿ ಕಾಯಬೇಕು. ತಮ್ಮ ಹಳೇ ಕುರ್ಚಿಯೊಂದನ್ನು ಒರೆಸಿ ಹಾಕುವನು. "ಕೂತ್ಕೋ ಅಕ್ಕ, ಬಿಸಿಲಲ್ಲಿ ಬಂದಿದ್ದೀಯ. ಟೀ ಕುಡಿ, ಅಷ್ಟ್ರಲ್ಲಿ ಸಾಹೇಬ್ರು ಬರ್ತಾರೆ." ಅವಳು ಕೂರುವಳು, ಊದಿ ಊದಿ ಕುಡಿಯುವಳು, ಮನೆಯ ಸುದ್ದಿ ಕೇಳುವಳು. ಲೋಟ ಬರಿದಾಗುವ ಹೊತ್ತಿಗೆ ಮ್ಯಾನೇಜರ್ ಬರುವನು. ಕೊಳವೆಯಿಂದ ತಿಳಿನೀರು ಬೀಳುತ್ತಿರುವುದು. ವರದಿ ಪ್ರತಿಸಲವೂ ಒಂದೇ: ಮಿತಿಯೊಳಗಿದೆ.

ತಮ್ಮನ ಮನೆ ಕಾರ್ಖಾನೆಯ ಹಿಂದಿನ ತಗ್ಗಿನಲ್ಲಿ. ಕಾರ್ಖಾನೆಯ ನೀರು ಹರಿಯುವ ಕಾಲುವೆಗೆ ಹತ್ತಿರದಲ್ಲೇ ಆ ಸಾಲುಮನೆಗಳ ಬಾವಿ. ತಮ್ಮನ ಹೆಂಡತಿ ಒಂದು ದಿನ ಬಿಂದಿಗೆ ಎತ್ತಿ ತಂದು ಇವಳ ಮುಂದಿಟ್ಟಳು.

"ಮೂಸಿ ನೋಡಿ ಅಕ್ಕ. ಒಂಥರಾ ವಾಸನೆ. ಸೀಮೆಎಣ್ಣೆ ಹಂಗೆ."

ಬಾವಿಯ ನೀರು ಪರೀಕ್ಷಿಸುವುದು ಅವಳ ಮಂಡಳಿಯ ಕೆಲಸವಲ್ಲ. ಕೊಳವೆಯ ಬಾಯಿ ಒಂದು ಇಲಾಖೆಗೆ, ಕಾಲುವೆ ಇನ್ನೊಂದಕ್ಕೆ, ಬಾವಿ ಮತ್ತೊಂದಕ್ಕೆ. ನೀರಿಗೆ ಈ ಗಡಿಯೆಲ್ಲ ಯಾರು ಹೇಳಿಕೊಡಬೇಕೋ ಕಾಣೆ! ಆದರೆ ಬಾಟ್ಲಿ ಅಕ್ಕನಿಗೆ ತನ್ನ ಬಾಟ್ಲಿಯ ಮೇಲೆ ದೇವರಷ್ಟು ನಂಬಿಕೆ.

"ಏನೂ ಆಗಲ್ಲ ಕುಡೀರೇ. ಕಾರ್ಖಾನೆ ನೀರು ಹಿಡಿದಿದ್ದು ನಾನೇ, ಮುದ್ರೆ ಒತ್ತಿದ್ದೂ ನಾನೇ. ಪಾಸಾಗಿದೆ."

ಆ ಮಾತನ್ನು ಎಲ್ಲರಿಗಿಂತ ಚೆನ್ನಾಗಿ ಕೇಳಿಸಿಕೊಂಡವಳು ತಮ್ಮನ ಮಗಳು. ಬಾಯಿ ಅಂದರೆ ಬಾಯಿ ಆ ಹುಡುಗಿಗೆ, ಮುಂದಿನ ಎರಡು ಹಲ್ಲಿನ ಮಧ್ಯೆ ಸಂದು ಬೇರೆ. ಅತ್ತೆಯ ಹತ್ತಿರ ಗೋಗರೆದು ಪ್ರಯೋಗಾಲಯದ ಒಂದು ಹೊಸ ಬಾಟ್ಲಿ ಗಿಟ್ಟಿಸಿಕೊಂಡಿದ್ದಳು. ದಿನಾ ಬೆಳಿಗ್ಗೆ ಬಾವಿಯ ನೀರಲ್ಲಿ ಅದನ್ನು ಗಲಬರಿಸಿ, ತುಂಬಿ, ಬೆಳಕಿಗೆ ಹಿಡಿದು, ಅತ್ತೆಯ ಹಾಗೇ ಹುಬ್ಬು ಗಂಟಿಕ್ಕಿ ನೋಡಿ, "ಪಾಸ್!" ಎಂದು ಕೂಗಿ ಶಾಲೆಯ ಚೀಲಕ್ಕೆ ಹಾಕಿಕೊಳ್ಳುವಳು. ಅತ್ತೆಗೆ ನಕ್ಕೂ ನಕ್ಕೂ ಸಾಕಾಗುವುದು.

ಮೊದಲು ಹುಡುಗಿಯ ಕಣ್ಣ ಕೆಳಗೆ ಬಾವು ಬಂತು. ಆಮೇಲೆ ಕಾಲು. ಊಟ ಬೇಡ ಅಂದಳು, ಕಡೆಗೆ ಮಾತೂ ಬೇಡ ಅಂದಳು. ಆಸ್ಪತ್ರೆಯ ಡಾಕ್ಟರಮ್ಮ ಎರಡೂ ಕಿಡ್ನಿ ಕೈಕೊಟ್ಟಿವೆ ಎಂದು ಹೇಳಿ, ಎಲ್ಲಿಯ ನೀರು ಕುಡಿಯುತ್ತಾಳೆ ಎಂದು ಕೇಳಿದರು.

"ನೀರಿಂದಲ್ಲ ಮೇಡಂ. ಅಲ್ಲಿಯ ನೀರು ನಂಗೊತ್ತು" ಎಂದಳು ಬಾಟ್ಲಿ ಅಕ್ಕ.

ತಮ್ಮ ಅವಳ ತೋಳು ಹಿಡಿದು ವಾರ್ಡಿನ ಹೊರಗಿನ ಬೆಂಚಿಗೆ ಎಳೆದುಕೊಂಡು ಬಂದ.

"ಅಕ್ಕ, ನೀನು ಬಂದಾಗಲೆಲ್ಲ ನಾನೊಂದು ಬೆಲ್ ಹೊಡೀತಿದ್ದೆ."

"ಯಾವ ಬೆಲ್ಲೋ?"

"ಗೇಟಿನ ಕೋಣೇಲಿ, ಮೇಜಿನ ಕೆಳಗೆ. ನಿಮ್ಮಾಫೀಸಿನ ಯಾರೇ ಬಂದ್ರೂ ಒತ್ತು, ಒಂದು ಟೀ ಕುಡಿಯೋಷ್ಟು ಹೊತ್ತು ಕೂರಿಸು ಅಂದಿದ್ರು. ಒಳಗೆ ಬಣ್ಣದ ನೀರು ನಿಲ್ಲಿಸಿ, ಒಳ್ಳೇ ನೀರು ಬಿಡ್ತಾರೆ."

ಅವಳು ಅವನ ಅಂಗಿ ಹಿಡಿದು ಜಗ್ಗಿದಳು. "ಗೊತ್ತಿದ್ದೂ ಆ ಬಾವಿ ನೀರನ್ನ ಮಗೂಗೆ ಕುಡಿಸಿದ್ಯೇನೋ, ಪಾಪಿ?"

"ನೆಂಟರು ಬರ್ತಾರೆ ಅಂದ್ರೆ ಮನೆ ಗುಡಿಸಲ್ವಾ, ಅದೇ ಥರ ಅಂದ್ಕೊಂಡೆ ಅಕ್ಕ. ಅಲ್ಪಸ್ವಲ್ಪ ಇರಬಹುದು, ವಿಷ ಆಗಿದ್ರೆ ನಿಮ್ಮ ಲ್ಯಾಬು ಹಿಡೀದೇ ಬಿಡುತ್ತಾ ಅಂದ್ಕೊಂಡೆ." ಅವನು ಬಿಕ್ಕಿದ. "ನೀನೇ ಪಾಸ್ ಅಂದ್ಯಲ್ಲಕ್ಕ! ನೀನು ಹೇಳಿದ್ಮೇಲೆ ನಾನು ಇನ್ಯಾರನ್ನ ಕೇಳ್ಲಿ?"

ಅವನು ಕೊಟ್ಟ ಟೀಯನ್ನು ಅವಳು ನಂಬಿದಳು, ಅವಳು ಕೊಟ್ಟ ಮಾತನ್ನು ಅವನು ನಂಬಿದ. ಅಕ್ಕ ತಮ್ಮ ಒಬ್ಬರನ್ನೊಬ್ಬರು ಅಷ್ಟು ನಂಬದೆ ಇದ್ದಿದ್ದರೆ ಆ ಕೂಸು ಬದುಕುತ್ತಿತ್ತೇನೋ. ಹೊಟ್ಟೆ ಉರಿಯುತ್ತದೆ ಹೇಳುವುದಕ್ಕೆ. ಹುಡುಗಿ ವಾರ ಕಳೆಯುವುದರೊಳಗೆ ಹೋಗಿಬಿಟ್ಟಳು.

ಬಾಟ್ಲಿ ಅಕ್ಕ ಕಚೇರಿಗೆ ಹೋಗಿ ಎಂಜಿನಿಯರ್ ಮೇಜಿನ ಮುಂದೆ ನಿಂತು ಕುರ್ಚಿ, ಟೀ, ಬೆಲ್ಲು ಎಲ್ಲವನ್ನೂ ಹೇಳಿದಳು. ತನ್ನ ತಪ್ಪನ್ನೂ ಮುಚ್ಚಿಡಲಿಲ್ಲ. ಅವರು ಆಗಲೇ ನೋಟಿಸ್ ಬರೆದು, ಜೀಪು ತೆಗೆಸಿದರು.

ತಮ್ಮ ಕೆಲಸಕ್ಕೆ ಮರಳಿದ್ದ. ಏನು ಮಾಡುವುದು, ಮಗಳು ಸತ್ತರೂ ಹೊಟ್ಟೆ ಸಾಯುವುದಿಲ್ಲವಲ್ಲ. ಜೀಪು ಕಂಡು ಹೊರಗೆ ಬಂದ. ಕುರ್ಚಿ ಅಲ್ಲೇ ಇತ್ತು. ಅವನು ಒರೆಸಲಿಲ್ಲ, ಕೂತ್ಕೋ ಅನ್ನಲಿಲ್ಲ. ಎಂಜಿನಿಯರ್ ಕೊಟ್ಟ ನೋಟಿಸನ್ನು ತೆಗೆದುಕೊಂಡು ಎರಡೂ ಬಾಗಿಲನ್ನು ಪೂರ್ತಿ ತೆರೆದ. ತಾನೇ ಮುಂದೆ ನಡೆದು ಕೊಳವೆಯ ತನಕ ಕರೆದುಕೊಂಡು ಹೋದ.

ನೀರು ಕಡುನೇರಳೆಯಾಗಿ, ಹೊಗೆಯಾಡುತ್ತಾ ಬೀಳುತ್ತಿತ್ತು. ಮ್ಯಾನೇಜರ್ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದವನು, ಪಕ್ಕದಲ್ಲಿ ಎಂಜಿನಿಯರ್ ನಿಂತಿರುವುದನ್ನೂ ನೋಡದೆ ಕಾವಲುಗಾರನ ಮೇಲೆ ಹರಿಹಾಯ್ದ.

"ಬೆಲ್ ಯಾಕೋ ಹೊಡೀಲಿಲ್ಲ?"

"ಕೈ ಬರ್ಲಿಲ್ಲ ಸಾರ್" ಎಂದ ತಮ್ಮ.

ಎಂಜಿನಿಯರ್ ಕತ್ತು ತಿರುಗಿಸಿದರು. ಬಾಟ್ಲಿ ಅಕ್ಕ ಕುಕ್ಕರಗಾಲಲ್ಲಿ ಕೂತು, ಗಲಬರಿಸಿ, ಮ್ಯಾನೇಜರನ ಎದುರಿಗೇ ತುಂಬಿ, ಎರಡು ಪಾಲು ಮಾಡಿ, ಮುದ್ರೆ ಒತ್ತಿದಳು. ಕಣ್ಣು ಮಂಜಾಗಿ ಅರಗು ಬೆರಳಿನ ಮೇಲೆ ಬಿತ್ತು. ಅದೂ ಅವಳಿಗೆ ಗೊತ್ತಾಗಲಿಲ್ಲ.

ಮುಚ್ಚುವ ಆದೇಶ ಬಂತು. ವಿದ್ಯುತ್ ಕಡಿದರು, ಯಂತ್ರಗಳಿಗೆ ಬೀಗ ಹಾಕಿದರು, ಮೊಕದ್ದಮೆ ಹೂಡಿದರು. "ನಮ್ಮ ಕಾನೂನಿಗೂ ಹಲ್ಲಿದೆ ಅಂತ ತೋರಿಸಿದ್ರಿ" ಎಂದು ಕಚೇರಿಯವರು ಅವಳ ಕೈ ಕುಲುಕಿದರು. ಹಲ್ಲಿತ್ತು, ಇಲ್ಲ ಎಂದವರು ಯಾರು? ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು, ಅಷ್ಟೇ. ತಮ್ಮನ ಕೆಲಸವೂ ಆ ಬೀಗದ ಜೊತೆಗೇ ಹೋಯಿತು.

ಬೀಗ ಬಿದ್ದ ದಿನ ಸಂಜೆ ಅವಳು ತಮ್ಮನ ಮನೆಗೆ ಹೋದಳು. ಬಾವಿಗೆ ಹಲಗೆ ಹೊಡೆದಿದ್ದರು, ಕುಡಿಯುವ ನೀರು ಈಗ ಟ್ಯಾಂಕರಿನಲ್ಲಿ ಬರುತ್ತಿತ್ತು. ಕಪಾಟಿನ ಮೇಲೆ ಹುಡುಗಿಯ ಬಾಟ್ಲಿ ಬೋರಲಾಗಿತ್ತು. ತಮ್ಮನ ಹೆಂಡತಿ ಅಡುಗೆಮನೆಯಿಂದ ಹೊರಗೆ ಬರಲಿಲ್ಲ. ತಮ್ಮನೇ ಟೀ ಮಾಡಿ ತಂದು ಅವಳ ಮುಂದಿಟ್ಟ. ಅವಳು ಲೋಟ ಮುಟ್ಟದೆ ಕೂತಿದ್ದಳು.

"ಕುಡಿಯಕ್ಕ" ಎಂದ ಅವನು, ಚಿಕ್ಕಂದಿನಲ್ಲಿ ಅವಳನ್ನು ಗೋಗರೆಯುತ್ತಿದ್ದ ದನಿಯಲ್ಲಿ. "ಇವತ್ತು ನಿಜವಾಗ್ಲೂ ನಿಂಗೇ ಅಂತ ಮಾಡಿದ್ದು."

ಬಾಟ್ಲಿ ಅಕ್ಕ ಲೋಟವನ್ನು ಕೈಗೆತ್ತಿಕೊಂಡಳು. ಬಾಯಿಗೆ ತರುವಷ್ಟರಲ್ಲಿ ಅವಳ ಕೈ ತಾನಾಗಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯಿತು. ಅಡುಗೆಮನೆಯ ಬಾಗಿಲಿನಿಂದ ಅದನ್ನು ಕಂಡ ಹುಡುಗಿಯ ತಾಯಿ ಚೀರಿ ಅತ್ತಳು.