ಮುಯ್ಯಿಯ ಮೊದಲ ಅರ್ಥ

ಬೆಳಗಿನ ಆರು ಗಂಟೆ. ಮುದ್ರಣಾಲಯದ ಮೆಷಿನ್‌ಗಳು ಇನ್ನೂ ಶುರುವಾಗಿಲ್ಲ. ಕಿಟಕಿ ಪಕ್ಕದ ಬೆಂಚಿನಲ್ಲಿ ಕೂತು ಕಾಗುಣಿತದಕ್ಕ ಅಚ್ಚಾದ ಹಾಳೆಗಳನ್ನು ಮಡಿಸುತ್ತಿದ್ದಾರೆ. ಅದು ಅವರ ಕೆಲಸವಲ್ಲ. ಅವರದು ನಿಘಂಟಿನ ಕರಡು ತಿದ್ದುವ ಕೆಲಸ. ದಿನಕ್ಕೆ ಇಪ್ಪತ್ತನಾಲ್ಕು ಪುಟ, ಮೂವತ್ತೊಂದು ವರ್ಷದಿಂದ. ಸ್ವಂತ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು. ನಿಘಂಟಿನಲ್ಲಿ ತಪ್ಪು ಸಿಕ್ಕರೆ ಬೈಸಿಕೊಳ್ಳುವವರು ಅವರು. ಸಿಗದಿದ್ದರೆ ಯಾರೂ ಅವರನ್ನು ನೆನೆಯುವುದಿಲ್ಲ. ಅವರ ಬಗ್ಗೆ ಬರೆಯಲು ಬಂದಿರುವ ನಾನೂ ಇದುವರೆಗೆ ನೆನೆದವನಲ್ಲ, ಒಪ್ಪಿಕೊಳ್ಳುತ್ತೇನೆ.

ಮಡಿಸುವುದು ಬೈಂಡಿಂಗ್ ವಿಭಾಗದ ಗೆಳತಿಯ ಕೆಲಸ. ಹೋದ ವರ್ಷ ಅಕ್ಕನ ಕಣ್ಣಿನ ಪೊರೆ ತೆಗೆಸಿದಾಗ ಈ ಗೆಳತಿ ಮೂರು ತಿಂಗಳು ಕರಡನ್ನೆಲ್ಲ ಗಟ್ಟಿಯಾಗಿ ಓದಿ ಹೇಳಿದರು, ಒತ್ತು, ದೀರ್ಘ, ಅಲ್ಪವಿರಾಮ ಸಮೇತ. ಕೇಳಿಸಿಕೊಂಡೇ ಅಕ್ಕ ತಪ್ಪು ಹಿಡಿದರು, ಕೆಲಸ ಉಳಿಯಿತು. ಈಗ ಅಕ್ಕ ದಿನಾ ಎರಡು ಗಂಟೆ ಮೊದಲೇ ಬಂದು ಹಾಳೆ ಮಡಿಸಿಕೊಡುತ್ತಾರೆ.

"ಇದಕ್ಕೇ ಕಣ್ರೀ ಮುಯ್ಯಿ ಅನ್ನೋದು. ಒಬ್ಬರು ನಮ್ಮ ಕೆಲಸಕ್ಕೆ ಬಂದ್ರೆ ನಾವು ಅವರ ಕೆಲಸಕ್ಕೆ ಹೋಗೋದು. ಹಾಗೆ ಹೋದವರು ಮುಯ್ಯಾಳು. ಸೇಡಿಗೂ ಅದೇ ಮಾತು. ಒಳ್ಳೇದೋ ಕೆಟ್ಟದ್ದೋ, ಕೊಟ್ಟಿದ್ದು ವಾಪಸ್ ಬರುತ್ತೆ," ಎನ್ನುತ್ತಾರೆ ಅಕ್ಕ.

ಆದರೆ ನಿಘಂಟಿನ ಹಿಂದಿನ ಮುದ್ರಣದಲ್ಲಿ ಈ ಪದಕ್ಕೆ ಸೇಡು ಎಂಬ ಅರ್ಥವೊಂದೇ ಇದೆ. ಹಸ್ತಪ್ರತಿಯಲ್ಲಿ ಎರಡು ಅರ್ಥಗಳೂ "ಮಾಡಿದ್ದಕ್ಕೆ ಪ್ರತಿಯಾಗಿ" ಎಂದೇ ಶುರುವಾಗಿದ್ದವು. ಅಕ್ಷರ ಜೋಡಿಸಿದವರು ಉಪಕಾರದ ಮೊದಲ ಸಾಲನ್ನು ಹಾರಿಸಿದರು, ಅಕ್ಕನ ಕಣ್ಣೂ ಅಲ್ಲೇ ಜಾರಿತು. ಉಪಕಾರವನ್ನು ತಾವೇ ನುಂಗಿಹಾಕಿದ್ದಾಗಿ ಹನ್ನೆರಡು ವರ್ಷದಿಂದ ಹಳಹಳಿಸುತ್ತಿದ್ದಾರೆ. ಹೊಸ ಮುದ್ರಣದ ಆ ಪುಟ ಇವತ್ತು ಎಂಟಕ್ಕೆ ಮೆಷಿನ್ ಹತ್ತುತ್ತದೆ. ಈಗ ತಪ್ಪಿದರೆ, ಮುಂದಿನ ಮುದ್ರಣದ ಹೊತ್ತಿಗೆ ಅವರು ನಿವೃತ್ತರು.

ಏಳಕ್ಕೆ ಕೊನೆಯ ಕರಡು ಬರುತ್ತದೆ. ಮೊದಲು ಉಪಕಾರ, ಆಮೇಲೆ ಸೇಡು, ಎರಡೂ ಇವೆ. ಅಕ್ಕ ಬೆರಳಿಟ್ಟು ಮೂರು ಸಲ ನೋಡುತ್ತಾರೆ. ಉದಾಹರಣೆ ವಾಕ್ಯ ಬರೆಯುವುದನ್ನು ಸಂಪಾದಕರು ಅವರಿಗೇ ಬಿಟ್ಟಿದ್ದರು. ಅಷ್ಟರಲ್ಲಿ ಬಂದ ಗೆಳತಿ ಹೋದ ವರ್ಷದಂತೆಯೇ ಗಟ್ಟಿಯಾಗಿ ಓದುತ್ತಾರೆ: "ಅವಳು ಓದಿ ಹೇಳಿದ್ದಕ್ಕೆ ನಾನು ಹಾಳೆ ಮಡಿಸಿ ಮುಯ್ಯಿ ತೀರಿಸಿದೆ."

ಓದಿದವರು ಹಾಳೆ ಕೆಳಗಿಡುವುದಿಲ್ಲ. "ತೀರಿಸಿದೆ ಅಂತ ಹಾಕಿದ್ದೀಯಲ್ಲೇ. ಹಾಗಾದ್ರೆ ನಾಳೆ ಬರಲ್ವಾ?"

ಅಕ್ಕ ಕೆಂಪು ಪೆನ್ನಿನಿಂದ ಆ ಪದವನ್ನು ಹೊಡೆದು, ಅಂಚಿನಲ್ಲಿ "ತೀರಿಸುತ್ತಿದ್ದೇನೆ" ಎಂದು ಬರೆದು ಸಹಿ ಹಾಕುತ್ತಾರೆ.

"ಈ ಪುಸ್ತಕದಲ್ಲಿ ನನ್ನ ಸ್ವಂತದ್ದು ಅಂತ ಇರೋದು ಇದೊಂದೇ ವಾಕ್ಯ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಅದರಲ್ಲೂ ತಪ್ಪು ಹಿಡಿದಳು ನೋಡಿ, ನನ್ನ ಮುಯ್ಯಾಳು."