ತಾಂಬೂಲದಲ್ಲಿ ತಿರುಗಿ ಬಂದ ಹಾಡುಗಳು

ಆಸ್ಟ್ರೇಲಿಯಾದ ಆಚೆಯ ದ್ವೀಪದೇಶದಲ್ಲಿ, ಹ್ಯಾಮಿಲ್ಟನ್ನಿನ ವಾಸುದೇವ್ ಹಾಲಿನ ಪುಡಿ ಕಾರ್ಖಾನೆಯೊಂದರಲ್ಲಿ ಶೀತಲ ಯಂತ್ರಗಳ ಇಂಜಿನಿಯರ್. ಸುತ್ತಲಿನ ಹಸುಗಳು ಕೊಟ್ಟ ಹಾಲನ್ನೆಲ್ಲ ತಣ್ಣಗಿಡುವುದು ಅವನ ಕೆಲಸ. ತಂಪೆಲ್ಲ ಅಲ್ಲೇ ಖರ್ಚಾಗಿ, ಮನೆಗೆ ಬರುವಾಗ ಮೈಯಲ್ಲಿ ಬರೀ ಕಾವು ಉಳಿದಿರುತ್ತಿತ್ತು. ಅವನಿಗೆ ಸಿಟ್ಟು ಬಂದ ದಿನ ವೈಕಾಟೊ ನದಿ ಒಂದು ಅಡಿ ಆವಿಯಾಗುತ್ತದೆ ಎಂದರೆ ನೀವು ನಂಬುವುದಿಲ್ಲ. ಹೋಗಲಿ, ಅರ್ಧ ಅಡಿ ಎಂದಿಟ್ಟುಕೊಳ್ಳಿ.

ಸಿಟ್ಟಿನ ಮೂಲ ಹಾಡು. ಮಾಲಿ ದೇಶದ ಮರಳುಗಾಡಿನ ಗಿಟಾರು, ಪೋರ್ಚುಗಲ್ಲಿನ ಹೆಂಗಸರು ಎದೆ ಹಿಂಡುವಂತೆ ಹಾಡುವ ಫಾದೊ, ಬಲ್ಗೇರಿಯಾದ ಹಳ್ಳಿಯ ಮೇಳ, ಜಮೈಕಾದ ರೆಗೆ, ಕುಕ್ ದ್ವೀಪದವರ ಮರದ ಡೋಲು, ಮಾವೊರಿ ಜೋಗುಳ, ಕೊಳ್ಳೇಗಾಲದ ಕಡೆಯ ಕಂಸಾಳೆ, ಎಲ್ಲವೂ ಅವನಿಗೆ ಒಂದೇ ಪಂಕ್ತಿಯ ಊಟ. ಅದು ತಪ್ಪಲ್ಲ. ಆದರೆ ತಾನು ಉಂಡದ್ದನ್ನು ಕಂಡವರ ಎಲೆಗೂ ಬಡಿಸದಿದ್ದರೆ ಅವನಿಗೆ ಅರಗುತ್ತಿರಲಿಲ್ಲ. ಸಾಕು ಎಂದು ಕೈ ಅಡ್ಡ ಹಿಡಿದವರ ಮೇಲೆ ಹಗೆ ಸಾಧಿಸುತ್ತಿದ್ದ. ಹಾಡಿನ ನಡುವೆ ಮೊಬೈಲ್ ನೋಡಿದ ಹುಡುಗನೊಬ್ಬ ಇವನ ಬೈಗುಳಕ್ಕೆ ಹೆದರಿ ಆಸ್ಟ್ರೇಲಿಯಾಕ್ಕೆ ವಲಸೆ ಹೋದ ಎನ್ನುತ್ತಾರೆ. ಅಲ್ಲಿಯೂ ಅವನಿಗೆ ಕಿವಿ ಗುಯ್ಯೆನ್ನುತ್ತಿದೆಯಂತೆ.

ಬಡಿಸಿದ್ದನ್ನೆಲ್ಲ ತಲೆಯಾಡಿಸಿಕೊಂಡು ಉಂಡವನು ಶ್ರೀಪಾದ ಒಬ್ಬನೇ. ಅದೇ ಕಾರ್ಖಾನೆಯ ಲ್ಯಾಬಿನವನು, ಬಸವನಗುಡಿಯಿಂದ ಬಂದವನು, ಎರಡು ಬೀದಿ ಆಚೆ ಮನೆ. ವರ್ಷಗಟ್ಟಲೆಯಿಂದ ಇಬ್ಬರೂ ವಾಸುದೇವನ ಕಾರಿನಲ್ಲೇ ಕೆಲಸಕ್ಕೆ ಹೋಗುತ್ತಿದ್ದರು. ಕಾರು ಯಾರದೋ ಹಾಡು ಅವರದು ಎಂಬುದು ವಾಸುದೇವನೇ ಮಾಡಿದ ಕಾನೂನು. "ಹೇಗಿದೆ?" ಎಂದು ಇವನು, "ಚೆನ್ನಾಗಿದೆ ಕಣೋ" ಎಂದು ಅವನು. ಪ್ರಪಂಚದಲ್ಲಿ ತನ್ನ ಹಾಡು ಕೇಳುವ ಒಂದು ಜೊತೆ ಕಿವಿಯಾದರೂ ಇದೆ ಎಂಬ ನಂಬಿಕೆಯ ಮೇಲೆ ವಾಸುದೇವ್ ಈ ದೇಶದ ಚಳಿಯನ್ನೆಲ್ಲ ತಡೆದುಕೊಂಡಿದ್ದ.

೨೦೧೩ರಲ್ಲಿ ಅವನಿಗೆ ಅರವತ್ತರ ಶಾಂತಿ ಆಯಿತು. ಬಂದವರಿಗೆ ತಾಂಬೂಲದ ಜೊತೆ ಸ್ಟೀಲ್ ಡಬ್ಬಿ ಕೊಡೋಣ ಎಂದಳು ಹೆಂಡತಿ ಸುಶೀಲಾ. "ಡಬ್ಬಿಯಲ್ಲಿ ಏನಿದೆ, ಗಾಳಿ" ಎಂದು ಇವನು ಜೀವಮಾನದ ಅಚ್ಚುಮೆಚ್ಚಿನ ಹಾಡುಗಳನ್ನು ಆರಿಸಿ ಸೀಡಿ ಮಾಡಿದ. ಪ್ರತಿಯೊಂದರ ಮೇಲೂ ಪಡೆಯುವವರ ಹೆಸರು ಬರೆದು, ಅಂಚಿಗೆ ಗಮ್ ಟೇಪ್ ಸುತ್ತಿ, ತೆಂಗಿನಕಾಯಿ, ರವಿಕೆ ಕಣದ ಜೊತೆ ಚೀಲಕ್ಕೆ ಹಾಕಿದ. ಮರುವಾರವೇ ಕಾರಿನಲ್ಲಿ ಶ್ರೀಪಾದನನ್ನು ಕೇಳಿದ. "ಅದ್ಭುತ ಕಣೋ. ಆ ಐದನೆಯದಂತೂ ಕಣ್ಣಲ್ಲಿ ನೀರು ತರಿಸ್ತು" ಎಂದ ಶ್ರೀಪಾದ. ವಾಸುದೇವ್ ಆ ದಿನ ಕಾರ್ಖಾನೆಯಲ್ಲಿ ಯಾರನ್ನೂ ಬೈಯಲಿಲ್ಲ. ಜ್ವರವಿರಬೇಕೆಂದು ಮೇಲ್ವಿಚಾರಕ ಮನೆಗೆ ಕಳಿಸಿದನಂತೆ.

ಎರಡು ವರ್ಷ ಕಳೆದು, ಇಲ್ಲಿ ಕೊರೆಯುವ ಚಳಿಗಾಲವಾದ ಶ್ರಾವಣದಲ್ಲಿ, ಗಂಡ ಹೆಂಡತಿ ಐದಾರು ಗಂಟೆ ದಾರಿಯ ಪೊರಿರುವಾಕ್ಕೆ ಹೋದರು. ಸುಶೀಲಾಳ ಚಿಕ್ಕಮ್ಮನ ಮಗಳು ಅರುಂಧತಿಯ ಮನೆಯಲ್ಲಿ ವರಮಹಾಲಕ್ಷ್ಮಿ ಪೂಜೆ. ವಾಪಸು ಬರುವ ದಾರಿಯಲ್ಲಿ ಹಸಿವಾಗಿ, ಬಾಳೆಹಣ್ಣು ತೆಗೆಯಲೆಂದು ಸುಶೀಲಾ ತಾಂಬೂಲದ ಚೀಲಕ್ಕೆ ಕೈ ಹಾಕಿದಳು. ರವಿಕೆ ಕಣದ ಮಡಿಕೆಯಿಂದ ಸೀಡಿಯೊಂದು ಜಾರಿ ಅವಳ ಮಡಿಲಿಗೆ ಬಿತ್ತು. ನಾಲ್ಕಾರು ಮನೆಗಳ ಕುಂಕುಮ ಹತ್ತಿ ಕೆಂಪಾಗಿತ್ತು. ಗಮ್ ಟೇಪ್ ಮಾತ್ರ ಸುತ್ತಿದ ಹಾಗೇ ಇತ್ತು. ಮೇಲೆ ವಾಸುದೇವನ ದುಂಡನೆಯ ಅಕ್ಷರ: ಶ್ರೀಪಾದನಿಗೆ.

ಕಾರು ರಸ್ತೆಯಂಚಿಗೆ ಬಂದು ನಿಂತಿತು. ಮುಂದೆ ಅವನು ಆಡಿದ ಮಾತಿಗೆ ಬೇಲಿಯಾಚೆಯ ಕುರಿಗಳು ತಾವಾಗಿಯೇ ಉಣ್ಣೆ ಉದುರಿಸಿಕೊಂಡವು.

"ಬಿಚ್ಚೇ ಇಲ್ಲ ಕಣೇ. ಬಿಚ್ಚೇ ಇಲ್ಲ. ಐದನೆಯದಕ್ಕೆ ಅತ್ತನಂತೆ."

"ರೀ, ತಾಂಬೂಲದಲ್ಲಿ ಬಂದದ್ದನ್ನ ಯಾರು ಬಿಚ್ತಾರೆ? ನಮ್ಮನೇಲಿರೋ ರವಿಕೆ ಕಣ ನಾನು ಬಿಚ್ಚಿದೀನಾ? ಒಬ್ಬರು ಕೊಟ್ಟಿದ್ದನ್ನ ಇನ್ನೊಬ್ಬರಿಗೆ ಕೊಡೋದಪ್ಪ. ರವಿಕೆ ಕಣದ ಜೊತೆ ಇಟ್ಟಿರಿ, ಅದಕ್ಕೂ ರವಿಕೆ ಕಣದ ಗತಿಯೇ ಆಯ್ತು."

"ನನ್ನ ಹಾಡು ರವಿಕೆ ಕಣವೇನೇ?"

"ಅಲ್ಲ. ಅದನ್ನಾದರೂ ಒಂದು ದಿನ ಯಾರೋ ಹೊಲಿಸ್ತಾರೆ" ಎಂದು ಸುಶೀಲಾ ಬಾಳೆಹಣ್ಣು ಸುಲಿದಳು.

ಹ್ಯಾಮಿಲ್ಟನ್ ಮುಟ್ಟಿದವನು ಮನೆಗೂ ಹೋಗದೆ ನೆಟ್ಟಗೆ ಶ್ರೀಪಾದನ ಬಾಗಿಲಿಗೆ ಹೋದ. ಬಾಗಿಲು ತೆರೆದ ಶ್ರೀಪಾದನ ಹೆಂಡತಿ ರಚನಾ ಸೀಡಿಯನ್ನು ನೋಡಿ, "ಅಯ್ಯೋ, ಇದನ್ನ ಹೋದ ವರ್ಷ ಗೌರಿ ಹಬ್ಬಕ್ಕೆ ಬಂದಿದ್ದ ರಿಕ್ಕರ್ಟನ್‌ನ ನನ್ನ ಗೆಳತಿ ನಿಧಿಗೆ ಕೊಟ್ಟಿದ್ನಲ್ಲ" ಎಂದುಬಿಟ್ಟಳು. ಅಡಿಗೆಮನೆಯಿಂದ ಶ್ರೀಪಾದ ಕೈ ಒರೆಸಿಕೊಳ್ಳುತ್ತ ಬಂದ.

"ಐದನೆಯ ಹಾಡು ಯಾವುದೋ?" ಎಂದ ವಾಸುದೇವ್.

ಶ್ರೀಪಾದ ಸೀಡಿ ನೋಡಿದ. ಹೆಂಡತಿಯನ್ನು ನೋಡಿದ.

"ಕೇಳ್ತಾ ಇದೀನಿ, ಯಾವ ದೇಶದ್ದು ಹೇಳು. ಕಣ್ಣಲ್ಲಿ ನೀರು ಬಂತಲ್ಲ, ಯಾವ ಖಂಡದ ನೀರು ಅದು?"

"ಕೇಳಿಲ್ಲ ಕಣೋ. ಸುಳ್ಳು ಹೇಳ್ದೆ."

"ಇಷ್ಟು ವರ್ಷ ಕಾರಲ್ಲಿ ಚೆನ್ನಾಗಿದೆ ಚೆನ್ನಾಗಿದೆ ಅಂದಿದ್ದು?"

"ಅದೂ ಸುಳ್ಳೇ. ಆ ಬಲ್ಗೇರಿಯಾದವರು ಬಾಯಿ ಬಿಟ್ಟರೆ ನನಗೆ ಹಲ್ಲು ನೋಯುತ್ತೆ."

ವಾಸುದೇವ್ ಹೇಳಬಾರದ್ದನ್ನೆಲ್ಲ ಹೇಳಿದ. ಕಿವುಡ, ಕಪಟಿ, ಹಾಲಿನ ಪುಡಿ ಎಂದ. ಶ್ರೀಪಾದ ಅಷ್ಟನ್ನೂ ನಿಂತು ಕೇಳಿದ. ಕೊನೆಗೆ ಅವನ ಮುಖವೂ ಕೆಂಪಾಯಿತು.

"ಮುಗೀತಾ? ಈಗ ನಾನು ಕೇಳ್ತೀನಿ. ನನಗೆ ಯಾವ ಹಾಡು ಇಷ್ಟ ಹೇಳು."

ವಾಸುದೇವ್ ಬಾಯಿ ತೆರೆದ. "ದೇವರನಾಮ ಇರಬೇಕು" ಎಂದ.

"ಇರಬೇಕು ಅಂತೆ. ಪಕ್ಕದ ಸೀಟಲ್ಲಿ ಕೂತೋನಿಗೆ ಏನು ಇಷ್ಟ ಅಂತ ಒಂದು ದಿನ ಬಾಯಿಮಾತಿಗೆ ಕೇಳಿದೀಯೇನೋ? ಒಂದು ಸಲ ನನ್ನದೊಂದು ಹಾಕೋಕೆ ಹೋದಾಗ ಕೈ ಮೇಲೆ ಹೊಡೆದೆ. ನಾಳೆಯಿಂದ ನನ್ನ ಯೂಟಲ್ಲಿ ನಾನು ಬರ್ತೀನಿ."

ಬಾಗಿಲು ಮುಚ್ಚಿತು.

ಆ ವಾರವಿಡೀ ಒಂದೇ ರಸ್ತೆಯಲ್ಲಿ ಒಬ್ಬರ ಹಿಂದೊಬ್ಬರು, ಇವನು ಕಾರಿನಲ್ಲಿ, ಅವನು ಹಿಂದೆ ಸಾಮಾನಿನ ತೊಟ್ಟಿಯಿರುವ ಯೂಟ್ ಗಾಡಿಯಲ್ಲಿ ಹೋದರು. ವಾಸುದೇವ್ ಒಬ್ಬನೇ ಹಾಡು ಹಾಕಿ, "ಹೇಗಿದೆ?" ಎಂದು ಖಾಲಿ ಸೀಟಿನ ಕಡೆ ತಿರುಗುತ್ತಿದ್ದ. ಸೀಟು ಸುಳ್ಳಿಗಾದರೂ ಚೆನ್ನಾಗಿದೆ ಎನ್ನಲಿಲ್ಲ. ಕೋಪ ಯಾರ ಮೇಲೆ ಎಂದು ತಿಳಿಯದಾದಾಗ ಅದು ಇಮ್ಮಡಿಯಾಗುತ್ತದೆ. ಇವನದು ನೂರ್ಮಡಿಯಾಯಿತು. ಹಾರ್ನ್ ಮುಟ್ಟಿದರೆ ಕೈ ಸುಡುತ್ತಿತ್ತು.

ಮುಂದಿನ ಸೋಮವಾರ ಬೆಳಿಗ್ಗೆ, ಇನ್ನಷ್ಟು ಬೈಯುವುದು ಬಾಕಿಯಿದೆ ಎನ್ನಿಸಿ, ನಡೆದೇ ಶ್ರೀಪಾದನ ಗೇಟಿಗೆ ಹೋದ. ಯೂಟು ಹೊರಟು ನಿಂತಿತ್ತು. ಬಾಗಿಲು ತೆಗೆದು ಒಳಗೆ ತಲೆ ಹಾಕಿದ.

"ನಿನ್ನಂಥ ದ್ರೋಹಿ—"

"ಹೊತ್ತಾಯ್ತು. ಬೈಯೋದಿದ್ರೆ ಹತ್ತಿ ಬೈಯಿ" ಎಂದ ಶ್ರೀಪಾದ.

ಹತ್ತಿದ. ಯೂಟಿನೊಳಗೆ ಗಂಡಸೊಬ್ಬ ಗೊಗ್ಗರು ದನಿಯಲ್ಲಿ, ಬ್ಯಾಂಜೊ ಮೀಟುತ್ತ, ಸತ್ತ ನಾಯಿಯೊಂದರ ಮೇಲೆ ಹಾಡುತ್ತಿದ್ದ. ಇಲ್ಲಿನ ಕುರಿ ಕಾಯುವವರು ಕೇಳುವ ಹಳ್ಳಿಗಾಡಿನ ಹಾಡು. ಶ್ರೀಪಾದನ ಬೆರಳು ಸ್ಟಿಯರಿಂಗ್ ಮೇಲೆ ತಾಳ ಹಾಕುತ್ತಿತ್ತು. ವಾಸುದೇವನ ಕೈ ಅಭ್ಯಾಸಬಲದಿಂದ ಮುಂದೆ ಹೋಯಿತು. ಅದರ ಮೇಲೆ ಚಟಾರನೆ ಏಟು ಬಿತ್ತು.

"ಇದೇನೋ ಇದು, ನಾಯಿ ಸತ್ತಿದ್ದಕ್ಕೆ ಇಷ್ಟುದ್ದ ಅಳೋದೇ?"

"ನಿನ್ನ ಪೋರ್ಚುಗಲ್ ಹೆಂಗಸು ಯಾರು ಸತ್ತಿದ್ದಕ್ಕೆ ಅಳ್ತಾಳೆ ಅಂತ ನಾನು ಕೇಳಿದ್ನಾ?"

"ಅದರಲ್ಲಿ ರಾಗ ಇದೆ. ಇದರಲ್ಲಿ ಬರೀ ನಾಯಿ ಇದೆ."

"ಮುಚ್ಕೊಂಡು ಕೇಳು."

ಬೈಯುತ್ತಲೇ ಕೇಳಿದ. ಕಾರ್ಖಾನೆಯ ಗೇಟು ಬಂತು. ಹಾಡು ಮುಗಿದಿರಲಿಲ್ಲ. ಶ್ರೀಪಾದ ಇಂಜಿನ್ ಆರಿಸಲು ಕೈ ನೀಡಿದ.

"ಇರೋ" ಎಂದ ವಾಸುದೇವ್, ಹಲ್ಲು ಕಚ್ಚಿಕೊಂಡು. "ಪೂರ್ತಿ ಕೇಳದೆ ಬೈಯೋನಲ್ಲ ನಾನು."