ಹಣ್ಣಿನ ಆಟದಲ್ಲಿ ಇಲ್ಲದ ಹೆಂಗಸು

ಆ ಮಧ್ಯಾಹ್ನ ಪಡಸಾಲೆಯಲ್ಲಿ ನಾವು ಮೂವರೇ ಇದ್ದೆವು. ಗೋಡೆಗೆ ಬೆನ್ನು ಕೊಟ್ಟು ಕೂತ ದೊಡ್ಡಪ್ಪ, ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದ ಅವನ ಸೊಸೆ, ಅಂದರೆ ನನ್ನ ವೈನಿ, ಮತ್ತು ಮುಂಡಗೋಡದಿಂದ ರವಿವಾರದ ಬಸ್ಸಿಗೆ ಬಂದಿಳಿದ ನಾನು. ದೊಡ್ಡವ್ವ ತೀರಿಕೊಂಡು ಎರಡು ತಿಂಗಳಾಗಿತ್ತು. ಅಂದಿನಿಂದ ದೊಡ್ಡಪ್ಪ ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದ. ಆಕೆಯ ಮೊಬೈಲು ಅವನ ಕೈಗೆ ಬಂದಿತ್ತು. ಅದರಲ್ಲಿ ಭಜನೆ ಕೇಳುವನು. ಭಜನೆಯ ನಡುವೆ ಜಾಹೀರಾತು ಬರುತ್ತಿತ್ತು.

ಅದೊಂದು ಆಟದ ಜಾಹೀರಾತು. ಹೊರಗೆ ಹಿಮ ಸುರಿಯುತ್ತಿದೆ. ಕಿಟಕಿ ಒಡೆದ ಮನೆಯಲ್ಲಿ ಒಬ್ಬ ಹೆಂಗಸು ಕೂಸನ್ನು ಎದೆಗೆ ಅವಚಿಕೊಂಡು ನಡುಗುತ್ತಿದ್ದಾಳೆ. ಒಲೆ ಆರುತ್ತ ಬಂದಿದೆ. ಮೇಲೆ ಒಂದು ಖಾನೆಯಲ್ಲಿ ಕಟ್ಟಿಗೆ, ಇನ್ನೊಂದರಲ್ಲಿ ನೀರು. ಎರಡನ್ನೂ ಗೂಟಗಳು ತಡೆದು ನಿಲ್ಲಿಸಿವೆ. ಎಲ್ಲಿಂದಲೋ ಒಂದು ಬಿಳಿ ಕೈ ಬಂದು ಪ್ರತಿ ಸಲವೂ ತಪ್ಪು ಗೂಟವನ್ನೇ ಎಳೆಯುತ್ತದೆ. ನೀರು ಒಲೆಯ ಮೇಲೆ ಬೀಳುತ್ತದೆ. ತಾಯಿ, ಕೂಸು ಇಬ್ಬರೂ ನೀಲಿಗಟ್ಟುತ್ತಾರೆ.

"ನೋಡಲೇ ತಮ್ಮಾ, ಎಂಥಾ ಹುಚ್ಚ ಕೈ ಅದು" ಎಂದ ದೊಡ್ಡಪ್ಪ. "ಮೊದಲ ನೀರಿಗೆ ಬ್ಯಾರೆ ಹಾದಿ ಮಾಡಬೇಕು, ಆಮ್ಯಾಲ ಕಟಗಿ ಇಳಸಬೇಕು. ನಮ್ಮ ಎಮ್ಮಿಗೂ ಇಷ್ಟ ತಿಳೀತೈತಿ."

ದೊಡ್ಡಪ್ಪ ನಲವತ್ತು ವರ್ಷ ಊರ ಕೆರೆಯ ನೀರಗಂಟಿಯಾಗಿದ್ದವನು. ತೂಬಿನ ಗೂಟ ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡುವುದು ಅವನ ಕೆಲಸ. ಆ ಕೆಲಸಕ್ಕೊಂದು ಕಟ್ಟಳೆ ಇತ್ತು. ನೀರು ಮೊದಲು ಕಟ್ಟಕಡೆಯ ಗದ್ದೆಗೆ ಹೋಗಬೇಕು. ಗೂಟ ಎತ್ತಿದವನು ಆ ಗದ್ದೆ ತುಂಬುವ ತನಕ ಕಾಲುವೆ ಬಿಟ್ಟು ಕದಲಬಾರದು. ಈಗ ದೂರದ ಊರಿನಲ್ಲಿ ನೌಕರಿಗಿರುವ ಅವನ ಮಗನ ನಿಶ್ಚಯದ ದಿನ ಬೀಗರು ಎಲೆ ಹಾಕಿಕೊಂಡು ಕಾಯುತ್ತಿದ್ದರೆ, ಇವನು ಬದುವಿನ ಮೇಲೆ ಕೂತು ನೀರು ಕಾಯುತ್ತಿದ್ದ. ಆಮೇಲೆ ಬಂದು ಕೈಕಾಲು ತೊಳೆದು, "ತುಂಬೇತಿ" ಎಂದಷ್ಟೇ ಹೇಳಿ ಪಂಕ್ತಿಗೆ ಕೂತನಂತೆ. ಬೀಗರು ಅದನ್ನು ಇವತ್ತಿಗೂ ಆಡಿಕೊಂಡು ನಗುತ್ತಾರೆ.

ಅವನು ಜಾಹೀರಾತಿನ ಮೇಲೆ ಒತ್ತಿದಾಗ ಇಳಿದ ಆಟವೇ ಬೇರೆ. ಹೆಂಗಸೂ ಇಲ್ಲ, ಒಲೆಯೂ ಇಲ್ಲ. ಸಾಲುಸಾಲು ಬಣ್ಣದ ಹಣ್ಣು. ಒಂದೇ ತರಹದ ಮೂರನ್ನು ಹೊಂದಿಸಿದರೆ ಮಾಯವಾಗುತ್ತವೆ, ಅಷ್ಟೇ. ತೋರಿಸುವುದು ಒಂದು ಆಟ, ಕೈಗೆ ಕೊಡುವುದು ಇನ್ನೊಂದು. ಇಂಥ ಜಾಹೀರಾತುಗಳ ಹಣೆಬರಹವೇ ಅಷ್ಟೆಂದು ನನಗೆ ಗೊತ್ತಿತ್ತು.

"ಆಕಿ ಎಲ್ಲದಾಳ?" ಎಂದು ದೊಡ್ಡಪ್ಪ ಕೇಳಿದ.

ಎರಡು ತಿಂಗಳಲ್ಲಿ ಮೊದಲ ಸಲ ಅವನ ಮುಖದ ಮೇಲೆ ಕೆಲಸಕ್ಕೆ ಹೊರಟವನ ಕಳೆ ಇತ್ತು. ಅದನ್ನು ಆರಿಸಲು ನನಗೆ ಮನಸ್ಸಾಗಲಿಲ್ಲ. "ಮುಂದ ಬರ್ತಾಳ ದೊಡ್ಡಪ್ಪ. ಒಂದೊಂದ ಹಂತ ದಾಟಕೋಂತ ಹೋಗು, ಸಿಗ್ತಾಳ" ಎಂದೆ.

ಅವನು ಆಡತೊಡಗಿದ. ವೈನಿ ಒಳಗಿನಿಂದಲೇ ಚುಚ್ಚುವಳು: "ಬದನಿಕಾಯಿ ಹೆಚ್ಚಿ ಕೊಡ್ರಿ ಅಂದ್ರ ಒಲ್ಲೆ ಅಂತೀರಿ ಮಾವಾರ, ಅಲ್ಲಿ ಯಾರ್ದೋ ಹಣ್ಣ ಹೊಂದಸ್ಕೋಂತ ಕುಂದರ್ತೀರಿ." ಅವನು ನಗುವನು. ಆಡುತ್ತ ಆಡುತ್ತ ಎರಡು ರೊಟ್ಟಿ ತಿನ್ನುವಂತಾದ. ನಾನು ಮಾಡಿದ್ದು ಒಳ್ಳೆಯದೇ ಆಯಿತು ಎಂದುಕೊಂಡೆ.

ಒಂದು ತಿಂಗಳಿಗೆ ವೈನಿಯ ಫೋನು ಬಂತು. ಮಗ್ಗುಲಲ್ಲೇ ಇಟ್ಟ ತಂಬಿಗೆಯನ್ನು ಮಾವ ಒದೆಯುತ್ತಾನೆ, ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಾನೆ, ಮೊಬೈಲನ್ನು ದಿನವೆಲ್ಲ ಧೋತರದಿಂದ ಒರೆಸುತ್ತಾನೆ ಎಂದಳು. ಹೋಗಿ ಕೇಳಿದರೆ, "ಅಂಚಿನ ಹಣ್ಣ ಕಾಣವಲ್ವು ತಮ್ಮಾ, ಮೊಬೈಲಿನ ಕಾಜ ಹೊಲಸಾಗೇತಿ" ಎಂದ. ಮುಂಡಗೋಡದಲ್ಲಿ ತೋರಿಸಿದೆವು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಬಿಡಿಸಿ ಹೇಳಿದರು. ಕಣ್ಣಿನ ಒಳಗೆ ಒತ್ತಡ ಏರಿದೆ, ನೋಟ ಅಂಚಿನಿಂದ ಒಳಕ್ಕೆ ಹೋಗುತ್ತ ಬಂದಿದೆ, ಹೋದದ್ದು ತಿರುಗಿ ಬರುವುದಿಲ್ಲ, ಉಳಿದದ್ದನ್ನು ಉಳಿಸಬೇಕಾದರೆ ಇದೇ ವಾರ ಹುಬ್ಬಳ್ಳಿಗೆ ಕರೆದೊಯ್ಯಿರಿ. ಮನೆಗೆ ಬಂದು ಹುಬ್ಬಳ್ಳಿಯ ಮಾತು ತೆಗೆದೆ.

"ಹೋಗೂಣು, ಯಾರ ಬ್ಯಾಡಂತಾರ?" ಎಂದ ದೊಡ್ಡಪ್ಪ. "ಆದರ ಈಗಲ್ಲ. ಇನ್ನೂರಾ ನಲವತ್ತನೇ ಹಂತಕ್ಕ ಬಂದೇನಿ. ಆಕಿನ್ನ ನಡುವ ಬಿಟ್ಟ ಹೆಂಗ ಬರಲಿ?"

"ಅದು ಆಟ ಐತ್ರಿ ಮಾವಾರ" ಎಂದಳು ವೈನಿ.

"ಆಟ ಆದ್ರೇನಾತು, ಸುರು ಮಾಡಿದಾಂವ ನಾನಲ್ಲೇನು?"

ಅಲ್ಲೇ, ಆಗಲೇ ಹೇಳಬೇಕಿತ್ತು. ದೊಡ್ಡಪ್ಪಾ, ಆಕಿ ಅದರಾಗ ಇಲ್ಲ, ನಾನು ಸುಳ್ಳ ಹೇಳೇನಿ. ಇಷ್ಟೇ ಮಾತು. ನಾಚಿಕೆಯಾಯಿತು. ಮತ್ತೆ ಊಟ ಬಿಟ್ಟಾನೆಂಬ ಅಂಜಿಕೆಯೂ ಇತ್ತು. ಮುಂದಿನ ರವಿವಾರ ಹೇಳಿದರಾಯಿತು ಎಂದು ಬಸ್ಸು ಹತ್ತಿದೆ. ಹೋದಾಗೊಮ್ಮೆ "ನಡೀ ದೊಡ್ಡಪ್ಪ" ಎನ್ನುವುದು ನನ್ನ ಪಾಳಿ, "ಇನ್ನೇನು ಬಂದಾಳು" ಎನ್ನುವುದು ಅವನ ಪಾಳಿ. ಹೀಗೆ ಮೂರು ತಿಂಗಳು ಕಳೆದವು.

ದಾಂಡೇಲಿಯಲ್ಲಿ, ಬಂಗೂರನಗರದ ಕಾಲೇಜಿನಲ್ಲಿ ಓದುವ ನನ್ನ ಮಗಳು ರಜೆಗೆ ಬಂದಾಗ ಅವಳನ್ನೂ ಹಳ್ಳಿಗೆ ಕರೆದೊಯ್ದೆ. ಅಜ್ಜ ಮೊಬೈಲನ್ನು ಮೂಗಿಗೆ ತಾಗಿಸಿಕೊಂಡು ಕೂತದ್ದನ್ನು ನೋಡಿ ಅವಳು ನನ್ನನ್ನು ಹಿತ್ತಲಿಗೆ ಕರೆದಳು. ಎಲ್ಲ ಹೇಳಿದೆ. ಅವಳು ನಗಲಿಲ್ಲ.

"ಅಪ್ಪಾ, ಈ ಸುಳ್ಳ ಜಾಹೀರಾತಿನ ಆಟಗೋಳನ್ನ ಈಗ ಖರೇನ ಮಾಡಿ, ಎಲ್ಲಾ ಒಂದ ಕಡೆ ಕೂಡಿಸಿ ಬಿಟ್ಟಾರ. ಸಣ್ಣ ಸಣ್ಣ ಆಟ. ಅದರಾಗ ಗೂಟ ಎಳಿಯೂದೂ ಐತಿ" ಎಂದಳು. ಅಲ್ಲೇ ನಿಂತು ತನ್ನ ಮೊಬೈಲಿಗೆ ಅದನ್ನು ಇಳಿಸಿಕೊಂಡಳು. ಅಂತೂ ಪಾರಾದೆ ಎಂದು ನನಗನಿಸಿತು. ಅವನು ಆಕೆಯನ್ನು ಉಳಿಸಿಬಿಟ್ಟರೆ ನಾನೇನೂ ಹೇಳುವ ಅಗತ್ಯವೇ ಇಲ್ಲ.

"ಆಕಿ ಬಂದಾಳ ದೊಡ್ಡಪ್ಪ" ಎಂದು ಮೊಬೈಲು ಅವನ ಮುಂದೆ ಹಿಡಿದೆ.

ಅವನು ಧೋತರ ಸರಿಮಾಡಿಕೊಂಡು ನೆಟ್ಟಗೆ ಕೂತ. ಗೂಟಗಳು ಅವನಿಗೆ ಕಾಣಲಿಲ್ಲ. "ನೀ ನೋಡಿ ಹೇಳು. ನೀರ ಯಾವ ಕಡೆ ಐತಿ? ತಗ್ಗ ಎಲ್ಲೈತಿ?" ಎಂದ. ಹೇಳಿದೆ. "ಎಡಗಡೆ ಗೂಟಕ್ಕ ನನ್ನ ಬಳ್ಳ ಹಚ್ಚು." ಅವನ ಬೆರಳು ಹಿಡಿದು ಹಚ್ಚಿದೆ. ನೀರು ಪಕ್ಕದ ತಗ್ಗಿಗೆ ಹರಿದುಹೋಯಿತು. "ಈಗ ಕಟಗೀದು." ಕಟ್ಟಿಗೆ ಒಲೆಗೆ ಬಿತ್ತು, ಬೆಂಕಿ ಹತ್ತಿತು. ಮೊದಲ ಸಲಕ್ಕೇ ಆಯಿತು.

"ಬೆಚ್ಚಗಾದಳೇನು?"

"ಆದಳು. ಕೂಸಿಗೆ ಮುದ್ದ ಕೊಡಾಕತ್ತಾಳ."

ಅವನು ಉಸಿರು ಬಿಟ್ಟು ಗೋಡೆಗೆ ಒರಗಿದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಅವನು ಮೊಮ್ಮಗಳ ಕಡೆಗೆ ತಿರುಗಿ, "ಹಣ್ಣ ದಾಟಿದ ಮ್ಯಾಲನ ಬಂದಳೇನವಾ? ಎಷ್ಟನೇದರಾಗ?" ಎಂದು ಕೇಳಿದ.

ಮಗಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಇಲ್ಲ ಅಜ್ಜಾ, ಇದು ಬ್ಯಾರೆ ಆಟ. ಆ ಹಣ್ಣಿನ ಆಟದಾಗ ಆಕಿ ಇಲ್ಲ. ಜಾಹೀರಾತಿಗಷ್ಟ ತೋರಸ್ತಾರ."

"ನಿನಗ ಗೊತ್ತಿತ್ತೇನು ತಮ್ಮಾ?"

"ಗೊತ್ತಿತ್ತು."

"ಮೊದಲಿಂದ?"

"ಮೊದಲಿಂದ."

ಅವನು ಬೈಯಲಿಲ್ಲ. ದೊಡ್ಡವ್ವನ ಮೊಬೈಲನ್ನು ಬಟ್ಟೆಯಲ್ಲಿ ಸುತ್ತಿ ವೈನಿಯ ಕೈಗೆ ಕೊಟ್ಟು, "ನಾಳೆ ಹುಬ್ಬಳ್ಳಿಗೆ ಹೋಗೂಣು" ಎಂದ.

ಹುಬ್ಬಳ್ಳಿಯ ಡಾಕ್ಟರು ಎಡಗಣ್ಣು ಪೂರ್ತಿ ಹೋಗಿದೆ ಎಂದರು. ಬಲಗಣ್ಣಿನಲ್ಲಿ ಬೆಳಕು ಕತ್ತಲೆ ತಿಳಿಯುವಷ್ಟು ಉಳಿದಿತ್ತು. ಅದನ್ನಾದರೂ ಹಿಡಿದು ನಿಲ್ಲಿಸಲು ಆಪರೇಶನ್ ಮಾಡಿದರು. ಮೂರು ತಿಂಗಳ ಹಿಂದೆ ಬಂದಿದ್ದರೆ ಎಂಬ ಮಾತನ್ನು ಅವರು ಮುಗಿಸಲಿಲ್ಲ. ದೊಡ್ಡಪ್ಪ ಪಕ್ಕದಲ್ಲೇ ಕೂತು ಕೇಳುತ್ತಿದ್ದ.

ತಿಂಗಳಾದ ಮೇಲೆ ಮತ್ತೆ ತೋರಿಸಲು ನಾವಿಬ್ಬರೇ ಹೋಗಿದ್ದೆವು. ಬರುವಾಗ ಬಸ್ಸಿನಲ್ಲಿ ಅವನನ್ನು ಕಿಟಕಿಯ ಕಡೆ ಕೂರಿಸಿ ನಾನು ಪಕ್ಕದಲ್ಲಿ ಕೂತೆ. ತಡಸದಲ್ಲಿ ಬಸ್ಸು ನಿಂತು, ಮಂದಿ ಇಳಿದು ಹತ್ತಿ, ಮತ್ತೆ ಹೊರಟಿತು. ದೊಡ್ಡಪ್ಪ ನನ್ನನ್ನು ಕೇಳದೆ ಹಿಂದಿನ ಸೀಟಿನ ಕಡೆಗೆ ತಿರುಗಿ, ಬಳೆ ಸಪ್ಪಳ ಬಂದ ಕಡೆಗೆ ಮುಖ ಮಾಡಿ ಕೇಳಿದ:

"ಯವ್ವಾ, ಯಾವ ಊರ ಬಂದಿತ್ತು?"